ಅರಮನೆ ಬಿದ್ದರೂ ಕತೆ ಬೀಳದು

ಅರಮನೆಯ ಗಾರೆ ಉದುರುತ್ತದೆ, ತೊಲೆ ಕುಸಿಯುತ್ತದೆ, ಸಿಂಹಾಸನವಿದ್ದ ಎಡೆಯಲ್ಲಿ ಹುಲ್ಲು ಬೆಳೆಯುತ್ತದೆ. ಆ ಹುಲ್ಲಿನೊಡನೆಯೇ ಹುಟ್ಟಿ ಬೆಳೆಯುವ ಇನ್ನೊಂದು ಬೆಳೆಯುಂಟು, ಅದು ಕತೆ. ಅರಸನಿದ್ದಾಗ ಅರಮನೆಯ ಒಳಗೆ ಕಾಲಿಡಲಾರದಿದ್ದ ಜನ, ಅರಸು ಅಳಿದ ಮೇಲೆ ಕತೆಯ ಮೂಲಕ ಅದರ ಅಂತಃಪುರದವರೆಗೂ ನಡೆದು ಹೋಗುತ್ತಾರೆ. ಪ್ರಪಂಚದ ಯಾವ ಹಾಳು ಕೋಟೆಗೆ ಹೋದರೂ ಕಾವಲುಗಾರನಿಗಿಂತ ಮೊದಲು ನಮ್ಮನ್ನು ಎದುರುಗೊಳ್ಳುವುದು ಕತೆಯೇ.

ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ನಿಂತು ಕೋಟೆಯ ದಾರಿಯನ್ನು ಕೇಳಿ ನೋಡಿ. ದಾರಿಯ ಜೊತೆಗೆ ಒಂದು ಕತೆಯೂ ದೊರೆಯುತ್ತದೆ. “ಒಳಗಿನ ದೊಡ್ಡ ಮಸೂತಿ ನೋಡ್ರಿ, ಸ್ಪೇನ್ ದೇಶದ ಮಸೂತಿ ಇದ್ದಂಗ ಕಟ್ಯಾರ್ರಿ” ಎಂದು ಯಾರಾದರೂ ಹಿರಿಯರು ಹೇಳಿಯಾರು. ಪ್ರವಾಸಿ ಕೈಪಿಡಿಗಳು ಈ ಮಾತನ್ನು ನೂರು ವರ್ಷಗಳಿಗೂ ಮಿಕ್ಕಿ ಹೇಳುತ್ತ ಬಂದಿವೆ. ಮುಂಬಯಿಯಿಂದ ಹೊರಟ ರೈಲುಹಾದಿ ಈ ಊರನ್ನು ದಾಟಿ ರಾಯಚೂರನ್ನು ಮುಟ್ಟಿದ್ದು ೧೮೭೧ರಲ್ಲಿ. ಅದಕ್ಕೆ ಐನೂರು ವರ್ಷ ಮೊದಲೇ, ಏಳು ಸಮುದ್ರಗಳಾಚೆಯ ಸ್ಪೇನಿಗೂ ಜೋಳದ ಹೊಲಗಳ ನಡುವಣ ಈ ಊರಿಗೂ ನಂಟು ಬೆಳೆದದ್ದು ಹೇಗೆ? ಈ ವಾರ ಅದನ್ನಷ್ಟು ವಿಚಾರಿಸೋಣ.

ಮೊದಲು ಸ್ಪೇನಿನ ಸಂಗತಿ. ಅಲ್ಲಿಯ ಗ್ರನಾಡಾ ನಗರದ ಗುಡ್ಡದ ಮೇಲೆ ಮೂರ್ ಜನರ ಅರಸರು ಕಟ್ಟಿದ ಅಲ್‌ಹಂಬ್ರಾ ಎಂಬ ಅರಮನೆಯಿದೆ. ಅರಬ್ಬಿಯಲ್ಲಿ ಆ ಹೆಸರಿಗೆ ‘ಕೆಂಪನೆಯದು’ ಎಂದರ್ಥ. ೧೨೩೮ರಲ್ಲಿ ಮೊದಲಾದ ಅದರ ಕಟ್ಟಡದ ಕೆಲಸವನ್ನು ಮುಂದಿನ ಅರಸರು ಬೆಳೆಸುತ್ತ ಹೋದರು. ೧೪೯೨ರ ಜನವರಿ ೨ರಂದು ಕೊನೆಯ ಅರಸ ಬೊಆಬ್ದಿಲ್ ಬೀಗದ ಕೈಗಳನ್ನು ಗೆದ್ದವರಿಗೆ ಒಪ್ಪಿಸಿ ಹೊರಟು ಹೋದನು. ಅಂದಿನಿಂದ ಅಲ್ಲಿ ಕತೆಗಳ ರಾಜ್ಯಭಾರ ಮೊದಲಾಯಿತು.

ಆ ಅರಮನೆಗೆ ನ್ಯಾಯದ ಬಾಗಿಲು ಎಂಬ ಮಹಾದ್ವಾರವೊಂದಿದೆ, ೧೩೪೮ರಲ್ಲಿ ಕಟ್ಟಿದ್ದು. ಅದರ ಹೊರಗಮಾನಿನ ಮೇಲೆ ಒಂದು ಅಂಗೈಯನ್ನೂ ಒಳಗಮಾನಿನ ಮೇಲೆ ಒಂದು ಬೀಗದ ಕೈಯನ್ನೂ ಕೆತ್ತಿದ್ದಾರೆ. ಅಂಗೈ ಮುಂದೆ ಚಾಚಿ ಬೀಗದ ಕೈಯನ್ನು ಹಿಡಿಯುವ ದಿನ ಅರಮನೆ ಉರುಳಿ ಬಿದ್ದು, ಅದರಡಿಯ ನಿಧಿಯೆಲ್ಲ ಬಯಲಾಗುವುದೆಂದು ಜನ ಹೇಳುತ್ತಿದ್ದರು. ಇನ್ನೊಂದು ಅಂಗಣದ ಅಮೃತಶಿಲೆಯ ತೊಟ್ಟಿಯಲ್ಲಿ ಕಂದು ಕಲೆಗಳಿವೆ. ಅರಸನು ಔತಣಕ್ಕೆಂದು ಕರೆಸಿ, ಅಬೆನ್ಸೆರಾಖ್ ಮನೆತನದ ಮೂವತ್ತಕ್ಕೂ ಹೆಚ್ಚು ವೀರರ ತಲೆ ಹೊಡೆಸಿದನಂತೆ. ತೊಳೆದರೂ ಹೋಗದ ಆ ರಕ್ತವೇ ಕಲೆಯಾಗಿ ನಿಂತಿದೆಯಂತೆ. ಕಲ್ಲನ್ನು ಬಲ್ಲವರು ಅದು ಕಬ್ಬಿಣದ ತುಕ್ಕೆಂದು ಹೇಳುತ್ತಾರೆ. ಹೇಳಿದರೇನು? ತುಕ್ಕನ್ನು ನೋಡಲು ಯಾರು ಹೋಗುತ್ತಾರೆ! ೧೮೨೯ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಅರ್ವಿಂಗ್ ಆ ಹಾಳು ಅರಮನೆಯಲ್ಲಿಯೇ ಬಿಡಾರ ಮಾಡಿ, ಅಲ್ಲಿಯ ಬಡ ನಿವಾಸಿಗಳ ಬಾಯಿಂದ ಇಂಥ ಕತೆಗಳನ್ನು ಕೇಳಿ ೧೮೩೨ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಆ ಪುಸ್ತಕವನ್ನು ಓದಿದ ಲೋಕದ ಕಣ್ಣು ಆ ಅರಮನೆಯ ಮೇಲೆ ಬಿದ್ದಿತು. ಬಿದ್ದ ಗೋಡೆಗಳನ್ನು ಎತ್ತಿ ನಿಲ್ಲಿಸುವ ಕೆಲಸಕ್ಕೆ ಬಲ ಬಂದಿತು. ಕತೆಯೂ ಒಮ್ಮೊಮ್ಮೆ ಗಾರೆಯ ಕೆಲಸವನ್ನು ಮಾಡುತ್ತದೆ!

ಇನ್ನು ನಮ್ಮ ಊರಿನ ಮಾತಿಗೆ ಬರೋಣ. ಸ್ಪೇನಿನ ಮಸೀದಿಯ ಪಡಿಯಚ್ಚು ಎಂದು ಕಲಬುರಗಿಯಲ್ಲಿ ಹೇಳುವಾಗ ಜನರ ಮನಸ್ಸಿನಲ್ಲಿರುವುದು ಗ್ರನಾಡಾ ಅಲ್ಲ, ಅದಕ್ಕಿಂತ ಹಳೆಯದಾದ ಕಾರ್ಡೋಬಾ ನಗರದ ಮಹಾಮಸೀದಿ. ಅದು ೮ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ, ೧೨೩೬ರಲ್ಲಿ ಕ್ರೈಸ್ತರ ದೇವಾಲಯವಾಯಿತು. ಅದರೊಳಗೆ ಕಂಬಗಳ ಕಾಡೇ ಇದೆ. ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯ ಒಳಹೊಕ್ಕವರಿಗೂ ಕಂಬದ ಹಿಂದೆ ಕಂಬ, ಕಮಾನಿನ ಒಳಗೆ ಕಮಾನು ಕಂಡು ಕಣ್ಣು ದಾರಿ ತಪ್ಪುತ್ತದೆ. ಹೋಲಿಕೆ ಹುಟ್ಟಿದ್ದು ಇಲ್ಲಿಯೇ.

ಆದರೆ ಹೋಲಿಕೆ ನಿಲ್ಲುವುದೂ ಇಲ್ಲಿಯೇ. ಕಾರ್ಡೋಬಾದ ಮಸೀದಿಯ ಮುಂದೆ ಕಿತ್ತಳೆಯ ಗಿಡಗಳಿರುವ ವಿಶಾಲವಾದ ತೆರೆದ ಅಂಗಳವಿದೆ. ಕಲಬುರಗಿಯದಕ್ಕೆ ಅಂಗಳವೇ ಇಲ್ಲ. ೨೧೬ ಅಡಿ ಉದ್ದ, ೧೭೬ ಅಡಿ ಅಗಲದ ಇಡೀ ಕಟ್ಟಡದ ಮೇಲೆ ಚಾವಣಿಯಿದೆ. ಭಾರತದ ದೊಡ್ಡ ಮಸೀದಿಗಳಲ್ಲಿ ಇದಕ್ಕೆ ಜೊತೆಯನ್ನು ಹುಡುಕುವುದು ಕಷ್ಟ. ಅಲ್ಲಿ ತೆಳುವಾದ ಕಂಬಗಳು, ಅವುಗಳ ಮೇಲೆ ಎರಡು ಅಂತಸ್ತಿನಲ್ಲಿ ಕೆಂಪು ಬಿಳುಪು ಪಟ್ಟೆಯ ಕಮಾನುಗಳು. ಇಲ್ಲಿ ಗಾರೆ ಬಳಿದ ದಪ್ಪ ಕಂಬಗಳು, ನೆಲದ ಹತ್ತಿರದಿಂದಲೇ ಎದ್ದು ಬಾಗುವ ಅಗಲವಾದ ಕಮಾನುಗಳು. ಮೇಲೆ ಸಾಲು ಸಾಲು ಚಿಕ್ಕ ಗುಮ್ಮಟಗಳು, ನಾಲ್ಕು ಮೂಲೆಗೆ ನಾಲ್ಕು ಗುಮ್ಮಟ, ಪಶ್ಚಿಮಕ್ಕೆ ಎಲ್ಲವನ್ನೂ ಮೀರಿ ನಿಂತ ಒಂದು ಮಹಾಗುಮ್ಮಟ.

ಮಿಗಿಲಾಗಿ, ಇಲ್ಲಿಯ ಶಾಸನವೊಂದು ಕಟ್ಟಿದವನ ಹೆಸರನ್ನೇ ಹೇಳುತ್ತದೆ. ಮನ್ಸೂರನ ಮಗ ಶಂಸ್, ಅವನ ಮಗ ರಫಿ, ಊರು ಕಜ್ವೀನ್, ಕಟ್ಟಿದ ವರ್ಷ ೧೩೬೭. ಕಜ್ವೀನ್ ಇರುವುದು ಇರಾನ್ ದೇಶದಲ್ಲಿ. ಆಗ ಆಳುತ್ತಿದ್ದವನು ಬಹಮನಿಯರ ಎರಡನೆಯ ಸುಲ್ತಾನ ಒಂದನೆಯ ಮುಹಮ್ಮದ್. ತಾವು ಕಂಡದ್ದನ್ನು ತಮಗೆ ಮೊದಲೇ ಗೊತ್ತಿರುವುದಕ್ಕೆ ಹೋಲಿಸಿ ನೋಡುವುದು ಯಾತ್ರಿಕರ ಸ್ವಭಾವ. ಯುರೋಪಿನಿಂದ ಬಂದವರಿಗೆ ಗೊತ್ತಿದ್ದದ್ದು ಕಾರ್ಡೋಬಾ, ಅವರು ಹೋಲಿಸಿದರು. ಹೋಲಿಕೆಯ ಮಾತು ಬಾಯಿಂದ ಬಾಯಿಗೆ ಹೋಗುತ್ತ ‘ಅದರಂತಿದೆ’ ಎಂಬುದು ‘ಅದನ್ನು ನೋಡಿಯೇ ಕಟ್ಟಿದರು’ ಎಂದಾಯಿತು. ಹೀಗೆ ನಮ್ಮ ಊರಿನವರೇ ನಮ್ಮ ಊರಿನ ಅಪೂರ್ವವಾದ ಕಟ್ಟಡವನ್ನು ಇನ್ನೊಂದರ ನಕಲೆಂದು ಹೆಮ್ಮೆಯಿಂದ ಹೇಳಿಕೊಳ್ಳುವಂತಾಯಿತು. ರಫಿಯ ಕಲ್ಪನೆಯೂ ಈ ಸೀಮೆಯ ಕಲ್ಲುಕುಟಿಗರ, ಗಾರೆಯವರ ಕೈಚಳಕವೂ ಆ ಹೆಮ್ಮೆಯಡಿಯಲ್ಲಿ ಮುಚ್ಚಿಹೋದವು.

ಸ್ಪೇನಿನ ನಂಟು ಬೇಕೇ ಬೇಕೆಂಬವರಿಗೆ ಇತಿಹಾಸ ಬೇರೊಂದು ಉಡುಗೊರೆಯನ್ನು ಇಟ್ಟಿದೆ. ಅಲ್‌ಹಂಬ್ರಾದ ನ್ಯಾಯದ ಬಾಗಿಲು ಎದ್ದುದು ೧೩೪೮ರಲ್ಲಿ; ಬಹಮನಿ ರಾಜ್ಯ ಹುಟ್ಟಿದ್ದು ಅದಕ್ಕೆ ಒಂದು ವರ್ಷ ಮೊದಲು, ೧೩೪೭ರಲ್ಲಿ. ಹನ್ನೆರಡು ಸಿಂಹಗಳು ಕಾರಂಜಿಯನ್ನು ಹೊತ್ತಿರುವ ಅಲ್ಲಿಯ ಸಿಂಹದಂಗಳವನ್ನು ಕಟ್ಟಿಸಿದವನು ೧೩೯೧ರವರೆಗೆ ಆಳಿದ ಐದನೆಯ ಮುಹಮ್ಮದ್. ಇಲ್ಲಿ ಜಾಮಿಯಾ ಮಸೀದಿ ಎದ್ದಾಗ ಅಲ್ಲಿ ಸಿಂಹಾಸನದಲ್ಲಿದ್ದವನೂ ಅವನೇ. ಒಬ್ಬರನ್ನೊಬ್ಬರು ಕಾಣದ, ಬಹುಶಃ ಹೆಸರನ್ನೂ ಕೇಳದ ಕೆಲಸಗಾರರು ಭೂಮಿಯ ಎರಡು ಕಡೆಗಳಲ್ಲಿ ಒಂದೇ ಕಾಲದಲ್ಲಿ ಕಮಾನುಗಳನ್ನು ಬಾಗಿಸುತ್ತಿದ್ದರು. ಇದು ಕತೆಗಿಂತ ಕಡಮೆ ಸೊಗಸಿನ ಮಾತೇ?

ಬಹಮನಿ ಮನೆತನದ ಹುಟ್ಟಿನ ಕತೆಯಂತೂ ನಮ್ಮ ಕಡೆಯ ಮಕ್ಕಳಿಗೆಲ್ಲ ತಿಳಿದದ್ದೇ. ದಿಲ್ಲಿಯಲ್ಲಿ ಗಂಗು ಎಂಬ ಬ್ರಾಹ್ಮಣ ಜೋಯಿಸನ ಹೊಲವನ್ನು ಹಸನ್ ಎಂಬ ಬಡವ ಉಳುತ್ತಿದ್ದನಂತೆ. ನೇಗಿಲು ಒಂದು ಸರಪಳಿಗೆ ಸಿಕ್ಕಿತು. ಅಗೆದರೆ ಹೊನ್ನು ತುಂಬಿದ ಪಾತ್ರೆ. ಹಸನನು ಅದನ್ನು ಮುಟ್ಟದೆ ಯಜಮಾನನಿಗೆ ತಂದೊಪ್ಪಿಸಿದನು. ಅವನ ಪ್ರಾಮಾಣಿಕತೆಗೆ ಮೆಚ್ಚಿದ ಗಂಗು ಅವನ ಜಾತಕವನ್ನು ನೋಡಿ, “ನೀನು ಅರಸನಾಗುವೆ, ಆದಾಗ ನನ್ನ ಹೆಸರನ್ನು ಮರೆಯಬೇಡ” ಎಂದನು. ಹಸನ್ ಅರಸನಾದ, ‘ಬ್ರಾಹ್ಮಣ’ ಎಂಬುದೇ ‘ಬಹಮನಿ’ಯಾಯಿತು. ಇದು ಕತೆ.

ಇದನ್ನು ಹೇಳಿದವನು ಫೆರಿಷ್ತ. ಅವನು ವಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಕುಳಿತು ಬರೆದದ್ದು ೧೭ನೆಯ ಶತಮಾನದ ಆದಿಯಲ್ಲಿ, ಎಂದರೆ ಹಸನನು ಪಟ್ಟವೇರಿ ಎರಡೂವರೆ ಶತಮಾನಗಳು ಕಳೆದ ಮೇಲೆ. ಹಸನನು ಪಟ್ಟದಲ್ಲಿ ಧರಿಸಿದ ಬಿರುದಿನ ‘ಬಹಮನ್’ ಎಂಬುದು ಇರಾನಿನ ಪುರಾಣದ ವೀರ ಅರಸನೊಬ್ಬನ ಹೆಸರು. ಹೊಸದಾಗಿ ಅರಸರಾದವರು ಹಳೆಯ ವಂಶವೊಂದಕ್ಕೆ ತಮ್ಮ ಬಳ್ಳಿಯನ್ನು ಹಬ್ಬಿಸುವುದು ಎಲ್ಲ ದೇಶಗಳ ರೂಢಿ; ಆದ್ದರಿಂದ ಇತಿಹಾಸಕಾರರು ಗಂಗುವಿನ ಕತೆಯನ್ನು ಒಪ್ಪುವುದಿಲ್ಲ.

ಒಪ್ಪದಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಅರಸನು ತನ್ನ ಬೇರನ್ನು ಇರಾನಿನಲ್ಲಿ ಹುಡುಕುತ್ತಿದ್ದಾಗ, ಜನ ಅದನ್ನು ನೇಗಿಲ ಸಾಲಿನಲ್ಲಿ ಹುಡುಕಿದ್ದೇಕೆ? ಆಸ್ಥಾನಕ್ಕೆ ಬೇಕಾದದ್ದು ವಂಶ. ಹೊಲದಲ್ಲಿ ದುಡಿಯುವವನಿಗೆ ಬೇಕಾದದ್ದು ನಂಬಿಕೆಯ ಮನುಷ್ಯ. ತನ್ನದಲ್ಲದ ಹೊನ್ನನ್ನು ಮುಟ್ಟದವನೇ ಆಳಲು ಯೋಗ್ಯನೆಂದೂ, ಆಳುವವನು ತನಗೆ ಅನ್ನವಿಟ್ಟವನ ಹೆಸರನ್ನು ಮರೆಯಬಾರದೆಂದೂ ಈ ಕತೆ ಹೇಳುತ್ತದೆ. ಅದು ಹಸನನ ಚರಿತ್ರೆಯಲ್ಲದಿರಬಹುದು, ಕತೆ ಕಟ್ಟಿದವರ ಆಸೆಯಂತೂ ಹೌದು.

ಕಲಬುರಗಿಯಿಂದ ದಕ್ಷಿಣಕ್ಕೆ, ಜೇವರ್ಗಿಯ ದಿಕ್ಕಿನಲ್ಲಿ ಸುಮಾರು ೨೮ ಕಿಲೋಮೀಟರು ಹೋದರೆ ಭೀಮಾ ನದಿಯ ದಡದಲ್ಲಿ ಫಿರೋಜಾಬಾದ್ ಸಿಗುತ್ತದೆ. ಅಲ್‌ಹಂಬ್ರಾಕ್ಕೆ ನಮ್ಮ ಸೀಮೆಯಲ್ಲಿ ಜೋಡಿ ಬೇಕಾದರೆ ಇದೇ ಸರಿ. ೧೩೯೭ರಿಂದ ೧೪೨೨ರವರೆಗೆ ಆಳಿದ ಫಿರೋಜ್ ಶಹಾ ಬಹಮನಿ ಕಟ್ಟಿಸಿದ ಅರಮನೆಯ ಪಟ್ಟಣವಿದು. ಒಂದು ಕಡೆಗೆ ನದಿ, ಮೂರು ಕಡೆಗೆ ಕಲ್ಲಿನ ಗೋಡೆ. ಒಳಗೆ ಮಸೀದಿ, ಸ್ನಾನಗೃಹ, ಅರಮನೆಗಳ ಹಾಳು ಗೋಡೆಗಳು. ನಡುನಡುವೆ ರೈತರ ಹೊಲಗಳು. ಮಹಾದ್ವಾರದ ಕಮಾನಿನಡಿಯಲ್ಲಿ ಈಗ ಆನೆಗಳು ನಡೆಯುವುದಿಲ್ಲ, ಎತ್ತುಗಳು ನಡೆಯುತ್ತವೆ.

ಫಿರೋಜನು ವಿದ್ಯಾಪಕ್ಷಪಾತಿ. ವಾರದಲ್ಲಿ ಮೂರು ದಿನ ತಾನೇ ಪಾಠ ಹೇಳುತ್ತಿದ್ದನೆಂದೂ, ದೌಲತಾಬಾದಿನ ಹತ್ತಿರ ನಕ್ಷತ್ರಗಳನ್ನು ನೋಡಲು ಒಂದು ವೀಕ್ಷಣಾಲಯದ ಕೆಲಸ ತೊಡಗಿಸಿದ್ದನೆಂದೂ ಫೆರಿಷ್ತ ಬರೆಯುತ್ತಾನೆ. ಅವನ ಅಂತಃಪುರದಲ್ಲಿ ಅರಬ್ಬಿ, ತುರ್ಕಿ, ಯುರೋಪ್, ಬಂಗಾಳ, ಗುಜರಾತ, ತೆಲುಗು, ಮರಾಠಿ ನಾಡುಗಳ ಹೆಂಗಸರಿದ್ದರಂತೆ; ಸುಲ್ತಾನನು ಒಬ್ಬೊಬ್ಬಳೊಡನೆಯೂ ಅವಳದೇ ಭಾಷೆಯಲ್ಲಿ ಮಾತಾಡುತ್ತಿದ್ದನಂತೆ. ಕತೆ ಹೇಳುವವರು ಇಲ್ಲಿ ಅರಸನ ಪಾಂಡಿತ್ಯಕ್ಕೆ ತಲೆದೂಗುತ್ತಾರೆ. ತೌರಿನ ಭಾಷೆಯನ್ನಾಡಲು ಗಂಡನೊಬ್ಬನ ಹೊರತು ಇನ್ನಾರೂ ಇಲ್ಲದಿದ್ದ ಆ ಹೆಂಗಸರು ಏನೆಂದುಕೊಂಡರೋ, ಅದನ್ನು ಯಾರೂ ಬರೆದಿಡಲಿಲ್ಲ.

ಬರೆದಿಟ್ಟದ್ದು ಒಬ್ಬ ಹುಡುಗಿಯ ಮಾತನ್ನು ಮಾತ್ರ. ಈ ಸೀಮೆಯ ಕತೆಗಳಲ್ಲೆಲ್ಲ ಅದು ಮನಸ್ಸಿಗೆ ಹೆಚ್ಚು ನಾಟುವಂಥದು.

ಕೃಷ್ಣಾ ತುಂಗಭದ್ರೆಗಳ ನಡುವಣ ಮುದಗಲ್ಲಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದನು. ಅವನಿಗೆ ಪರ್ತಾಲ್ ಎಂಬ ಮಗಳು. ಕಾಶಿಯಾತ್ರೆಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬನು ಆ ಮನೆಯಲ್ಲಿ ತಂಗಿ, ಹುಡುಗಿಯ ಬುದ್ಧಿಗೆ ಬೆರಗಾಗಿ ಅವಳಿಗೆ ಸಂಗೀತ ಕಲಿಸಿದನು. ಆಮೇಲೆ ವಿಜಯನಗರಕ್ಕೆ ಹೋಗಿ ಒಂದನೆಯ ದೇವರಾಯನ ಮುಂದೆ ಅವಳ ರೂಪವನ್ನೂ ವಿದ್ಯೆಯನ್ನೂ ಬಣ್ಣಿಸಿದನು. ರಾಯನು ಅದೇ ಬ್ರಾಹ್ಮಣನ ಕೈಯಲ್ಲಿ ಒಡವೆಗಳನ್ನು ಕೊಟ್ಟು ಕಳುಹಿಸಿದನು. ತಾಯಿತಂದೆಗಳು ಹಿಗ್ಗಿದರು. ಹುಡುಗಿ ಮಾತ್ರ ಹಾರಕ್ಕೆ ಕೊರಳೊಡ್ಡಲಿಲ್ಲ. ರಾಯನ ಅಂತಃಪುರವನ್ನು ಹೊಕ್ಕವರು ಮತ್ತೆ ತೌರಿನವರ ಮುಖವನ್ನು ನೋಡುವಂತಿಲ್ಲ. ಒಡವೆಗಾಗಿ ನಿಮ್ಮನ್ನು ಬಿಡಲಾರೆ ಎಂದಳು.

ಅಕ್ಕಸಾಲಿಗನ ಮಗಳು ಸಾಮ್ರಾಟನ ಒಡವೆಯನ್ನು ಹಿಂದಿರುಗಿಸಿದಳು! ಒಡವೆಯ ಬೆಲೆಯನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮುಂದೆ ಆದದ್ದು ಅನರ್ಥ. ರಾಯನು ಅವಳನ್ನು ಹಿಡಿದು ತರಲು ಕುದುರೆದಂಡನ್ನು ಕಳುಹಿಸಿದನು. ದಂಡು ಬರುವ ಸುದ್ದಿ ಕೇಳಿ ಮುದಗಲ್ಲಿನ ಜನ ಓಡಿದರು. ಆ ಮನೆಯವರೂ ಓಡಿದರು. ಹುಡುಗಿ ಸಿಗದ ದಂಡು ಹಳ್ಳಿಗಳನ್ನು ಸುಲಿದು ಹಿಂದಿರುಗಿತು. ಅದನ್ನೇ ನೆಪಮಾಡಿಕೊಂಡು ಫಿರೋಜನು ೧೪೦೬ರಲ್ಲಿ ವಿಜಯನಗರದ ಮೇಲೆ ದಂಡೆತ್ತಿದನು. ಫೆರಿಷ್ತನ ಪ್ರಕಾರ ಸೋತ ರಾಯನು ತನ್ನ ಮಗಳನ್ನೇ ಫಿರೋಜನಿಗೆ ಕೊಟ್ಟು, ಬಂಕಾಪುರದ ಕೋಟೆಯನ್ನು ಬಳುವಳಿಯಾಗಿ ಬಿಡಬೇಕಾಯಿತು. ಅಕ್ಕಸಾಲಿಗನ ಮಗಳನ್ನು ಹುಡುಕಿ ತರಿಸಿ ಸುಲ್ತಾನನ ಮಗ ಹಸನ್ ಖಾನನಿಗೆ ಮದುವೆ ಮಾಡಿದರು. ತಾನು ಮುಸಲ್ಮಾನ ರಾಜಕುಮಾರನ ಕೈಹಿಡಿಯುವೆನೆಂದು ಅವಳಿಗೆ ಮೊದಲೇ ಹೊಳೆದಿತ್ತು ಎಂದು ಚರಿತ್ರಕಾರನು ಸೇರಿಸುತ್ತಾನೆ. ಅವನು ಸುಲ್ತಾನರ ಅನ್ನ ಉಂಡವನು. ಸೇರಿಸದೆ ಇನ್ನೇನು ಮಾಡಿಯಾನು?

ಈ ಕತೆಯನ್ನು ಇಂದಿಗೂ ಎರಡು ಬಗೆಯಲ್ಲಿ ಹೇಳುವವರಿದ್ದಾರೆ. ರಾಯನ ಪಕ್ಷದವರಿಗೆ ಸುಲ್ತಾನನು ಅಪಹಾರಿ; ಸುಲ್ತಾನನ ಪಕ್ಷದವರಿಗೆ ರಾಯನು ಕಾಮುಕ. ಎರಡು ಪಕ್ಷದವರೂ ಹುಡುಗಿಯನ್ನು ಗೆದ್ದ ಬಾವುಟದಂತೆ ಎತ್ತಿ ಹಿಡಿಯುತ್ತಾರೆ. ಅವಳು ಬಾಯಿಬಿಟ್ಟು ಹೇಳಿದ ಒಂದೇ ಮಾತು, ತಾಯಿತಂದೆಯನ್ನು ಬಿಟ್ಟು ಬರಲಾರೆ ಎಂಬುದು, ಎರಡೂ ಕಡೆಯ ಕಹಳೆಗಳ ನಡುವೆ ಕೇಳದೆ ಹೋಗುತ್ತದೆ. ಎರಡು ಅರಮನೆಗಳ ಜಗಳದಲ್ಲಿ ಬೆಂದದ್ದು ಮುದಗಲ್ಲಿನ ಹಳ್ಳಿಗಳೆಂಬುದೂ ಮರೆತುಹೋಗುತ್ತದೆ. ಮಕ್ಕಳಿಗೆ ಈ ಕತೆಯನ್ನು ಹೇಳುವಾಗ ಯಾರ ಪಕ್ಷ ಹಿಡಿಯಬೇಕೆಂದು ಕೇಳಿದರೆ, ಆ ಹುಡುಗಿಯ ಪಕ್ಷ ಹಿಡಿಯಿರಿ ಎಂದಷ್ಟೇ ನಮ್ಮ ಬಿನ್ನಹ.

ಫಿರೋಜನ ಕೊನೆಗಾಲವೂ ಕತೆಯೇ ಆಯಿತು. ಸುಮಾರು ೧೪೦೦ರಲ್ಲಿ ವೃದ್ಧ ಸಂತ ಖ್ವಾಜಾ ಬಂದೇನವಾಜರು ದಿಲ್ಲಿಯ ಕಡೆಯಿಂದ ಕಲಬುರಗಿಗೆ ಬಂದರು. ಸುಲ್ತಾನನು ಅವರನ್ನು ಮೊದಲು ಆದರಿಸಿದನು. ಆಮೇಲೆ ಪಾಂಡಿತ್ಯದ ತಕ್ಕಡಿಯಲ್ಲಿಟ್ಟು ತೂಗಿ ಕಡೆಗಣಿಸಿದನು. ತಮ್ಮ ಅಹಮದನು ಅವರ ಪಾದ ಬಿಡಲಿಲ್ಲ. ತನ್ನ ಮಗ ಹಸನ್ ಖಾನನನ್ನು ಹರಸಿರೆಂದು ಫಿರೋಜನು ಕೇಳಿದಾಗ, ಸಂತರು ಪಟ್ಟ ಅಹಮದನಿಗೆಂದು ಮೇಲಿನವನು ಬರೆದಾಗಿದೆ ಎಂದರಂತೆ. ಮುನಿದ ಸುಲ್ತಾನನು ಜನಜಂಗುಳಿಯ ನೆಪವೊಡ್ಡಿ ಅವರನ್ನು ಕೋಟೆಯ ಬಳಿಯಿಂದ ದೂರ ಹೋಗಹೇಳಿದನು. ಅವರು ಹೋಗಿ ನೆಲಸಿದ ಎಡೆಯೇ ಇಂದು ಸಾವಿರಾರು ಜನ ಸೇರುವ ದರ್ಗಾ. ೧೪೨೨ರಲ್ಲಿ ಅಹಮದನೇ ಅರಸನಾದನು. ಫಿರೋಜನೂ ಸಂತರೂ ಅದೇ ವರ್ಷ ತೀರಿಕೊಂಡರು. ಫಿರೋಜನ ಜೋಡಿ ಗುಮ್ಮಟದ ಗೋರಿಯನ್ನು ಊರ ಹಫ್ತ್ ಗುಂಬಜಿನಲ್ಲಿ ನೋಡಬಹುದು. ಅಲ್ಲಿ ನೆರಳಿದೆ, ಮೌನವಿದೆ. ದರ್ಗಾದಲ್ಲಿ ದೀಪವಿದೆ, ಜನವಿದೆ.

ಅಹಮದನು ಮುಂದಿನ ಕೆಲವು ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದನು. ಬೇಟೆಯಾಡುವಾಗ ದುರ್ಬಲವಾದ ಪ್ರಾಣಿಯೊಂದು ನಾಯಿಗಳ ಮೇಲೆಯೇ ತಿರುಗಿ ಬಿದ್ದುದನ್ನು ಕಂಡು ಇದು ಗಂಡುನೆಲವೆಂದು ಅಲ್ಲಿಯೇ ಕೋಟೆ ಕಟ್ಟಿಸಿದನಂತೆ. ಓದುಗರು ನಗಬಹುದು, ವಿಜಯನಗರದ ಹುಟ್ಟಿಗೂ ಹೇಳುವುದು ಇದನ್ನೇ ಅಲ್ಲವೇ! ರಾಯರೂ ಸುಲ್ತಾನರೂ ನೆಲಕ್ಕಾಗಿ ಹೊಡೆದಾಡುತ್ತಿದ್ದಾಗ, ಅವರ ಪ್ರಜೆಗಳು ಒಂದೇ ಕತೆಯನ್ನು ಹಂಚಿಕೊಂಡು ಹೇಳುತ್ತಿದ್ದರು.

ಕತೆಯನ್ನಷ್ಟೇ ಅಲ್ಲ, ಅರಸನನ್ನೂ ಹಂಚಿಕೊಂಡರು. ಬೀದರಿನ ಹತ್ತಿರ ಅಷ್ಟೂರಿನಲ್ಲಿ ಅಹಮದನ ಗೋರಿಯಿದೆ. ಮುಸಲ್ಮಾನರಿಗೆ ಆತ ವಲಿ. ಅನೇಕ ಲಿಂಗಾಯತರಿಗೆ ಆತ ಅಲ್ಲಮಪ್ರಭು. ಅಲ್ಲಮನು ೧೨ನೆಯ ಶತಮಾನದವನು, ಅಹಮದನು ೧೫ನೆಯ ಶತಮಾನದವನು ಎಂದು ಪಂಡಿತರು ಲೆಕ್ಕ ತೋರಿಸುತ್ತಾರೆ. ಭಕ್ತರು ಆ ಲೆಕ್ಕಕ್ಕೆ ನಿಂತವರಲ್ಲ. ಹೋಳಿಯ ಹಬ್ಬವಾದ ಮೇಲೆ ನಡೆಯುವ ಅಲ್ಲಿಯ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಪರಿವಾರದೊಡನೆ ಬರುತ್ತಾರೆ. ಅವರೇ ಮುಂದಾಗಿ ನಿಂತು ನಡೆಸಬೇಕೆಂಬುದು ಪದ್ಧತಿ. ಶಂಖದ ಧ್ವನಿಯೂ ಫಾತೇಹವೂ ಒಂದೇ ಗುಮ್ಮಟದಡಿ ಕೇಳುತ್ತವೆ. ಯಾವ ತಾಮ್ರಶಾಸನದಲ್ಲಿಯೂ ಹುಡುಕಬೇಕಾಗಿಲ್ಲದ ಸತ್ಯವಿದು. ವರ್ಷಕ್ಕೊಮ್ಮೆ ಕಣ್ಣಾರೆ ಕಾಣಬಹುದು.

ಹಾಗಾದರೆ ಈ ಕತೆಗಳನ್ನು ನಾವು ಏನು ಮಾಡಬೇಕು? ಇತಿಹಾಸವೆಂದು ಹಟ ಹಿಡಿದರೆ ರಫಿಗೆ ಅನ್ಯಾಯವಾಗುತ್ತದೆ. ಕಟ್ಟುಕತೆಯೆಂದು ಎಸೆದರೆ ನೇಗಿಲಿನ ಹಸನನನ್ನೂ ಮುದಗಲ್ಲಿನ ಹುಡುಗಿಯನ್ನೂ ಕಳೆದುಕೊಳ್ಳುತ್ತೇವೆ. ಮನೆಯ ಹಿರಿಯರ ಮಾತನ್ನು ಕೇಳುವಂತೆ ಇವನ್ನು ಕೇಳಬೇಕು: ಗೌರವದಿಂದ ಕೇಳುವುದು, ಬುದ್ಧಿಯಿಂದ ಸೋಸುವುದು. ಕತೆಯನ್ನು ಕೋಪಕ್ಕೆ ಸಾಕ್ಷಿಯಾಗಿ ಕರೆತರುವವರು ಈಚೆಗೆ ಹೆಚ್ಚಿದ್ದಾರೆ. ಅಂಥವರು ಎದುರಾದಾಗ, ಇದನ್ನು ಬರೆದವನು ಯಾರು, ಎಷ್ಟು ವರ್ಷಗಳ ಮೇಲೆ ಬರೆದನು, ಯಾರ ಅನ್ನ ಉಂಡು ಬರೆದನು ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳಿಗೆ ಕಲಿಸಿಟ್ಟರೆ ಸಾಕು.

ಕಲ್ಲುಗಳ ಪಾಡನ್ನೂ ನೆನೆಯಬೇಕು. ಅಲ್‌ಹಂಬ್ರಾವನ್ನು ೧೯೮೪ರಲ್ಲಿ ವಿಶ್ವಪರಂಪರೆಯ ತಾಣವೆಂದು ಸಾರಿದರು. ಕಲಬುರಗಿ, ಬೀದರ, ವಿಜಾಪುರ, ಹೈದರಾಬಾದುಗಳ ಸುಲ್ತಾನರ ಕಾಲದ ಕಟ್ಟಡಗಳು ಅದೇ ಮನ್ನಣೆಯ ತಾತ್ಕಾಲಿಕ ಪಟ್ಟಿಗೆ ಸೇರಿದ್ದು ೨೦೧೪ರಲ್ಲಿ. ಗುಲ್ಬರ್ಗಾ ಎಂದು ಬರೆಯುತ್ತಿದ್ದ ಊರು ತನ್ನ ಕನ್ನಡದ ಹೆಸರನ್ನು ಮರಳಿ ಪಡೆದದ್ದೂ ಅದೇ ವರ್ಷದ ನವೆಂಬರ್ ೧ರಂದು. ಕೋಟೆಯೊಳಗೆ ತಲೆಮಾರುಗಳಿಂದ ಮನೆ ಮಾಡಿಕೊಂಡು ಬಾಳಿದ ಬಡವರ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಗೋಡೆಯನ್ನು ಉಳಿಸುವ ಭರದಲ್ಲಿ ಅದರ ನೆರಳಲ್ಲಿ ಬದುಕಿದವರಿಗೆ ಸೂರಿಲ್ಲದಂತಾಗಬಾರದು. ಸೂರಿನ ಹೆಸರಿನಲ್ಲಿ ಗೋಡೆಯೂ ಕರಗಬಾರದು. ಗ್ರನಾಡಾದ ಕತೆಗಳನ್ನು ಅರ್ವಿಂಗನಿಗೆ ಹೇಳಿದವರೂ ಹಾಳು ಅರಮನೆಯಲ್ಲಿ ಬಿಡಾರ ಹೂಡಿದ್ದ ಬಡವರೇ ಎಂಬುದನ್ನು ಮರೆಯದಿರೋಣ.

ರಜೆಯಲ್ಲಿ ಕಲಬುರಗಿಯ ಕಡೆಗೆ ಹೋದವರು ಮಕ್ಕಳನ್ನು ಕೋಟೆಗೆ ಕರೆದೊಯ್ಯಿರಿ. ಬಿಡುವಿದ್ದರೆ ಭೀಮೆಯ ದಡದ ಫಿರೋಜಾಬಾದಿಗೂ ಹೋಗಿರಿ. ಮಸೀದಿಯ ಕಮಾನುಗಳ ನಡುವೆ ನಿಂತಾಗ ಯಾರಾದರೂ ಸ್ಪೇನಿನ ಮಾತು ತೆಗೆದರೆ ಜಗಳವಾಡಬೇಡಿ. ಪೂರ್ತಿ ಕೇಳಿ, ನಸುನಕ್ಕು, ಕಜ್ವೀನದ ರಫಿಯ ಹೆಸರನ್ನು ಅವರಿಗೆ ಹೇಳಿ ಬನ್ನಿ. ಮುಂದಿನ ಸಲ ಸ್ಟೇಶನ್ ಬಜಾರಿನಲ್ಲಿ ದಾರಿ ಕೇಳಿದವರಿಗೆ ಆ ಹೆಸರೂ ಸಿಕ್ಕೀತು.